ನೆಕರ್ ದಂಡೆಯಲ್ಲೊಂದು ಬಾಣಂತನ

ನಡುರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ಜರ್ಮನಿಗೆ ಹೊರಡುವ ವಿಮಾನದ ಸಾಲಿನಲ್ಲಿ ಕಣ್ಣಿಗೆ ಬೀಳುವುದು ಎರಡು ಬಗೆಯ ಜನ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ ಹುಡುಗ ಹುಡುಗಿಯರು ಒಂದು ಬಗೆ. ಇನ್ನೊಂದು, ಸಿಂಥೆಟಿಕ್ ಸೀರೆಯ ಮೇಲೆ ಹೊಸ ಸ್ವೆಟರು, ಕಾಲಿಗೆ ಮಕ್ಕಳು ಹಟ ಮಾಡಿ ಕೊಡಿಸಿದ ಬಿಳಿ ಶೂ ಹಾಕಿಕೊಂಡು, ಪಾಸ್‌ಪೋರ್ಟು ಎಲ್ಲಿ ಬಿದ್ದುಹೋಗುತ್ತದೋ ಎಂದು ಪರ್ಸನ್ನು ಎದೆಗವಚಿಕೊಂಡು ನಿಂತ ಅರವತ್ತರ ಆಸುಪಾಸಿನ ಹೆಂಗಸರು. ಮಾತಾಡಿಸಿದರೆ ತಿಳಿಯುತ್ತದೆ, ಮಗಳದೋ ಸೊಸೆಯದೋ ಬಾಣಂತನ. ನಾನೂ ಆ ಸಾಲಿನವಳೇ. ತಿಪಟೂರಿನಲ್ಲಿ ಶಾಲೆಯ ಕೆಲಸ ಮುಗಿಸಿ ನಿವೃತ್ತಳಾದ ಮೇಲೆ ಮಾಡಿದ ಮೊದಲ ವಿದೇಶ ಪ್ರಯಾಣ ಅದು.

ಈ ಹೆಂಗಸರ ಸೂಟ್‌ಕೇಸಿನೊಳಗೆ ಒಂದು ಗ್ರಂದಿಗೆ ಅಂಗಡಿಯೇ ಇರುತ್ತದೆ. ಅಂಟಿನುಂಡೆ, ಉತ್ತುತ್ತೆ, ಒಣಶುಂಠಿ, ಹಿಪ್ಪಲಿ, ಓಮ, ಬಜೆ, ಹರಳೆಣ್ಣೆ, ಹಳೇ ಕಾಟನ್ ಸೀರೆ ಹರಿದು ಹೊಲಿದ ಲಂಗೋಟಿ. ತಿಪಟೂರಿನವಳಾದ್ದರಿಂದ ಕೊಬ್ಬರಿಯ ವಿಚಾರ ಹೇಳಬೇಕಾಗಿಯೇ ಇಲ್ಲ. ಆದರೆ ಮನೆಯಲ್ಲಿ ಕಾಯಿಸಿದ ತುಪ್ಪ ಮಾತ್ರ ಮನೆಯಲ್ಲೇ ಉಳಿಯಿತು. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಸರ್ಟಿಫಿಕೇಟು ಬೇಕು. 2019ರ ಕೊನೆಯಲ್ಲಿ ಜಾರಿಗೆ ಬಂದ ನಿಯಮದಲ್ಲಿ ಆ ಸರ್ಟಿಫಿಕೇಟಿನಿಂದ ವಿನಾಯಿತಿ ಸಿಕ್ಕಿರುವುದು ಐದೇ ಹಣ್ಣಿಗೆ: ಅನಾನಸು, ಬಾಳೆ, ಖರ್ಜೂರ, ಡೂರಿಯನ್ ಮತ್ತು ನಮ್ಮ ತೆಂಗಿನಕಾಯಿ. ಅಳಿಯ ಇದನ್ನೆಲ್ಲ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಮಾಡಿ ಕಳಿಸಿದ್ದರು. ಬಾಣಂತಿಗೆ ತುಪ್ಪವಿಲ್ಲದೆ ಹೇಗೆ ಎಂದು ನಾನು ಗೊಣಗಿದ್ದಕ್ಕೆ, “ಅತ್ತೆ, ಇಲ್ಲಿ ಹಸುಗಳು ಇವೆ” ಎಂದು ಒಂದೇ ಸಾಲಿನ ಉತ್ತರ ಬಂತು.

ಮಗಳ ಮನೆ ಇರುವುದು ಎಸ್‌ಲಿಂಗೆನ್‌ನಲ್ಲಿ. ಷ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ನೆಕರ್ ನದಿ, ಅದರ ದಂಡೆಯಿಂದಲೇ ಮೇಲೆದ್ದ ದ್ರಾಕ್ಷಿ ತೋಟದ ಗುಡ್ಡ, ಮರದ ತೊಲೆಗಳ ನಡುವೆ ಗಾರೆ ತುಂಬಿದ ನೂರಾರು ವರ್ಷದ ಮನೆಗಳು. ಎರಡು ಗೋಪುರಗಳ ನಡುವೆ ಆಕಾಶದಲ್ಲಿ ಸೇತುವೆ ಕಟ್ಟಿದ ಒಂದು ಇಗರ್ಜಿಯೂ ಇದೆ. ಊರು ಚೆಂದ, ಸಂಶಯವಿಲ್ಲ. ಆದರೆ ನಾನು ನೋಡಿದ ಜರ್ಮನಿ ಹೆಚ್ಚಾಗಿ ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಒಂದು ಮೆಟ್ಟಿಲ ಸಾಲು ಮತ್ತು ತಳ್ಳುಗಾಡಿ ಹೋಗುವಷ್ಟು ದೂರದ ಬೀದಿ. ಪ್ರವಾಸಿಗಳಿಗೆ ಕಾಣದ ಕೆಲವು ಸಂಗತಿಗಳು ಅಲ್ಲಿಂದ ಕಾಣುತ್ತವೆ.

ಮೊದಲನೆಯದು ಆಸ್ಪತ್ರೆಯ ರಾತ್ರಿಯೂಟ. ಮಗಳಿಗೆ ಹೆರಿಗೆಯಾದ ದಿನ ಸಂಜೆ ಆರಕ್ಕೆಲ್ಲ ತಟ್ಟೆ ಬಂತು. ಕಂದು ಬಣ್ಣದ ಒರಟು ಬ್ರೆಡ್ಡಿನ ಎರಡು ಹೋಳು, ಚೀಸು, ಉಪ್ಪಿನ ನೀರಲ್ಲಿ ನೆನೆದ ಸೌತೆ, ಒಂದು ಬಟ್ಟಲು ಮೊಸರು, ಜೊತೆಗೆ ಗುಳ್ಳೆ ಏಳುವ ತಣ್ಣನೆಯ ಸೋಡಾ ನೀರು. ಒಂದು ಪದಾರ್ಥವೂ ಬೆಚ್ಚಗಿಲ್ಲ! ಜರ್ಮನರು ಬಿಸಿಯೂಟ ಮಾಡುವುದು ಮಧ್ಯಾಹ್ನ, ರಾತ್ರಿಗೆ ಬ್ರೆಡ್ಡು. ಅದು ತಲೆಮಾರುಗಳ ರೂಢಿ. ಹಸಿ ಬಾಣಂತಿಗೂ ಅದೇ ರೂಢಿ. ಕಿಟಕಿ ಬೇರೆ ತೆರೆದಿತ್ತು, ಅದೂ ಅಕ್ಟೋಬರಿನಲ್ಲಿ. ಜೊತೆಗೆ ಬಂದಿದ್ದ ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ಫ್ಲಾಸ್ಕಿನ ಮುಚ್ಚಳ ತೆಗೆದೆ. ಮೆಣಸಿನ ಸಾರಿನ ಘಮ ವಾರ್ಡು ತುಂಬಿತು. ನರ್ಸ್ ಬಂದು ಗದರಿಸುತ್ತಾಳೆ ಅಂದುಕೊಂಡರೆ, ಬಗ್ಗಿ ಮೂಸಿ ನೋಡಿ, ಏನೇನು ಹಾಕಿದ್ದೀರಿ ಎಂದು ಕೇಳಿ ಹೋದಳು.

ಹೆರಿಗೆ ಮಾಡಿಸಿದ್ದು ಡಾಕ್ಟರಲ್ಲ, ಸೂಲಗಿತ್ತಿ. ಇದು ಆ ಆಸ್ಪತ್ರೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡಲ್ಲ, ದೇಶದ ಕಾನೂನು. ಜರ್ಮನಿಯಲ್ಲಿ ಡಾಕ್ಟರಿಲ್ಲದೆ ಸೂಲಗಿತ್ತಿ ಸಹಜ ಹೆರಿಗೆ ಮಾಡಿಸಬಹುದು. ಆದರೆ ಸೂಲಗಿತ್ತಿಯನ್ನು ಕರೆಯದೆ ಡಾಕ್ಟರು ಹೆರಿಗೆ ಮಾಡಿಸುವಂತಿಲ್ಲ. 2020ರಿಂದ ಈ ವೃತ್ತಿಗೆ ವಿಶ್ವವಿದ್ಯಾಲಯದ ಪದವಿ ಬೇಕು. ಸೂಲಗಿತ್ತಿಯರ ಕೊರತೆ ಎಷ್ಟಿದೆ ಎಂದರೆ, ಬಸುರಿ ಎಂದು ಗೊತ್ತಾದ ವಾರದಿಂದಲೇ ಹೆಂಗಸರು ಫೋನು ಹಚ್ಚಿಕೊಂಡು ಹುಡುಕಲು ಶುರುಮಾಡುತ್ತಾರೆ. ಕೇಳುತ್ತಿದ್ದರೆ ನನಗೆ ನಮ್ಮ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರ ನೆನಪು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಾವು ಸೂಲಗಿತ್ತಿಗೆ ಪ್ರಶಸ್ತಿ ಕೊಟ್ಟೆವು, ಸೂಲಗಿತ್ತಿತನವನ್ನು ಕೈಬಿಟ್ಟೆವು. ಜರ್ಮನರು ಅದನ್ನು ಕಾಲೇಜಿಗೆ ಕಳಿಸಿ ಓದಿಸಿದರು.

ಮನೆಗೆ ಬಂದ ಮಾರನೇ ಬೆಳಗ್ಗೆ ಬಾಗಿಲ ಗಂಟೆ ಬಾರಿಸಿತು. ಸೈಕಲ್ ಹೆಲ್ಮೆಟ್ಟು ಕೈಯಲ್ಲಿ ಹಿಡಿದ, ನಲವತ್ತರ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು. ಮನೆಗೆ ಬರುವ ಸೂಲಗಿತ್ತಿ ಅವರು. ಮೊದಲ ಹತ್ತು ದಿನ ಬೇಕಾದರೆ ದಿನವೂ, ಆಮೇಲೆ ಹನ್ನೆರಡು ವಾರದವರೆಗೆ ಹದಿನಾರು ಸಲ ಬರಬಹುದು; ಖರ್ಚೆಲ್ಲ ಆರೋಗ್ಯ ವಿಮೆಯದು. ಶೂ ಬಿಚ್ಚಿ, ಕೈ ತೊಳೆದು, ನೆಲದ ಮೇಲೆ ಕೂತರು. ಚೀಲದಿಂದ ತೆಗೆದದ್ದು ಒಂದು ಕೊಕ್ಕೆ ತಕ್ಕಡಿ ಮತ್ತು ಒಂದು ಬಟ್ಟೆ. ಮಗುವನ್ನು ಬಟ್ಟೆಯಲ್ಲಿ ಜೋಳಿಗೆ ಕಟ್ಟಿ, ತಕ್ಕಡಿಗೆ ತೂಗು ಹಾಕಿ ಎತ್ತಿ ಹಿಡಿದರು. ಜೋಳಿಗೆಯಿಂದ ಒಂದು ಪುಟ್ಟ ಪಾದ ಹೊರಗೆ ಬಂದು ಗಾಳಿ ಒದೆಯಿತು. ತೂಕ ಬರೆದುಕೊಂಡು, ಹೊಕ್ಕಳು ನೋಡಿ, ಮಗಳ ಹೊಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ಹಾಲು ಕುಡಿಸುವಾಗ ಕತ್ತಿನ ಕೆಳಗೆ ದಿಂಬು ಎಲ್ಲಿರಬೇಕೆಂದು ತೋರಿಸಿದರು. ಕೊನೆಗೆ ಕೇಳಿದ್ದು, “ನಿನ್ನೆ ಅಳು ಬಂತಾ?” ಎಂದು. ಮಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವರು ಅವಸರ ಮಾಡದೆ ಕೂತೇ ಇದ್ದರು. ಹೆರಿಗೆಯಾದ ಹೆಣ್ಣಿನ ಮನಸ್ಸೂ ಮಗುವಿನ ತೂಕದಷ್ಟೇ ಮುಖ್ಯ ಎಂಬಂತೆ ದಿನವೂ ವಿಚಾರಿಸುವವರನ್ನು ನಾನು ನಮ್ಮ ಕಡೆ ಯಾವ ನರ್ಸಿಂಗ್ ಹೋಮಿನಲ್ಲೂ ಕಂಡಿರಲಿಲ್ಲ.

ಆಮೇಲೆ ನಮ್ಮಿಬ್ಬರ ಪಂಚಾಯಿತಿ ಶುರುವಾಯಿತು. ಮಗಳು ನಡುವೆ ಕೂತು ದುಭಾಷಿ.

ಅವರ ಲೆಕ್ಕದಲ್ಲಿ ಕೂಸಿಗೆ ಸ್ನಾನ ವಾರಕ್ಕೆ ಒಂದೋ ಎರಡೋ ಸಲ ಸಾಕು, ಚರ್ಮ ಒಣಗುತ್ತದೆ. ನನ್ನ ಲೆಕ್ಕದಲ್ಲಿ ದಿನಾ ಎಣ್ಣೆ, ದಿನಾ ನೀರು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಗುವನ್ನು ಬೋರಲು ಹಾಕಿ, ಬೆನ್ನಿಗೆ ಬಿಸಿನೀರು ಹುಯ್ಯದಿದ್ದರೆ ಅದೆಂಥ ಬಾಣಂತನ? ಬಜೆ ತೇಯ್ದು ನಾಲಿಗೆಗೆ ಸವರುವ ವಿಷಯಕ್ಕೆ ಬಂದಾಗ ಅವರು ಖಡಾಖಂಡಿತವಾಗಿ ಬೇಡ ಎಂದರು: ತಾಯಿಹಾಲು, ದಿನಕ್ಕೊಮ್ಮೆ ವಿಟಮಿನ್ ಡಿ, ಮತ್ತೇನೂ ಬಾಯಿಗೆ ಹೋಗಬಾರದು. ಇದನ್ನು ನಮ್ಮ ಊರಿನ ಮಕ್ಕಳ ಡಾಕ್ಟರೂ ಹೇಳುತ್ತಾರೆ, ನಾವು ಅವರೆದುರು ತಲೆಯಾಡಿಸಿ ಮನೆಗೆ ಬಂದು ಬಜೆ ತೇಯುತ್ತೇವೆ. ಸಾಂಬ್ರಾಣಿ ಹೊಗೆಯಂತೂ ಚರ್ಚೆಗೇ ಬರಲಿಲ್ಲ. ಆ ದೇಶದಲ್ಲಿ ಮಲಗುವ ಕೋಣೆಯ ಸೂರಿಗೆ ಹೊಗೆ ಕಂಡರೆ ಕೂಗುವ ಯಂತ್ರ ಇರಲೇಬೇಕೆಂದು ಕಾನೂನಿದೆ. ಒಗ್ಗರಣೆಯ ಹೊಗೆಗೂ ಅದು ಬೆಲೆ ಕೊಡುತ್ತದೆ.

ಆದರೆ ಎಣ್ಣೆ ತಿಕ್ಕುವ ವಿಚಾರದಲ್ಲಿ ನಾನು ಗೆದ್ದೆ. ಗೆಲ್ಲಿಸಿದ್ದು ಒಬ್ಬ ಫ್ರೆಂಚ್ ಡಾಕ್ಟರು. ಫ್ರೆಡೆರಿಕ್ ಲೆಬೊಯೆ ಎಂಬ ಹೆರಿಗೆ ವೈದ್ಯರು ಕಲ್ಕತ್ತದಲ್ಲಿ ಒಬ್ಬ ಬಡ ತಾಯಿ ನೆಲದ ಮೇಲೆ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತಿಕ್ಕುವುದನ್ನು ನೋಡಿ, ಫೋಟೋ ತೆಗೆದು, 1976ರಲ್ಲಿ ಒಂದು ಪುಸ್ತಕ ಮಾಡಿದರು. ಆ ತಾಯಿಯ ಹೆಸರು ಶಾಂತಲಾ. ಪುಸ್ತಕಕ್ಕೂ ಅದೇ ಹೆಸರು. ಯೂರೋಪಿನ ಸೂಲಗಿತ್ತಿಯರ ನಡುವೆ ಅದು ತುಂಬ ಹೆಸರಾದ ಪುಸ್ತಕ. ನಾನು ಅಂಗೈಗೆ ಎಣ್ಣೆ ಹಾಕಿಕೊಂಡು ಮಗುವಿನ ಎದೆಯಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ ಎಳೆದದ್ದೇ ತಡ, ಸೂಲಗಿತ್ತಿ ಮಾತು ನಿಲ್ಲಿಸಿ ಹತ್ತಿರ ಸರಿದರು. ಓದಿ ಕಲಿತದ್ದನ್ನು ಮಾಡುವವರನ್ನು ಅವರು ನೋಡಿದ್ದರಂತೆ, ಓದದೆ ಮಾಡುವವರನ್ನು ನೋಡಿರಲಿಲ್ಲವಂತೆ. ಒಂದು ಕರಾರು ಹಾಕಿದರು: ಮೂಗಿಗೆ, ಕಿವಿಗೆ ಎಣ್ಣೆ ಬಿಡಕೂಡದು. ಒಪ್ಪಿದೆ. ಸ್ನಾನ ದಿನ ಬಿಟ್ಟು ದಿನಕ್ಕೆ ಇತ್ಯರ್ಥವಾಯಿತು.

ಕಿಟಕಿಯದು ಮಾತ್ರ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಜರ್ಮನರಿಗೆ ಗಾಳಿಯಾಡಿಸುವುದು ಹೆಚ್ಚುಕಡಿಮೆ ಸಂಧ್ಯಾವಂದನೆ. ಹೊರಗೆ ಎಷ್ಟೇ ಚಳಿ ಇರಲಿ, ದಿನಕ್ಕೆರಡು ಮೂರು ಸಲ ಹೀಟರು ಆರಿಸಿ, ಎಲ್ಲ ಕಿಟಕಿಯನ್ನೂ ಹಾರುಹೊಡೆದು ಐದು ಹತ್ತು ನಿಮಿಷ ಬಿಡಬೇಕು. ಗೋಡೆಗೆ ಬೂಷ್ಟು ಹಿಡಿಯಬಾರದೆಂದು ಬಾಡಿಗೆ ಕರಾರಿನಲ್ಲೇ ಅದನ್ನು ಬರೆದಿರುತ್ತಾರೆ. ಇತ್ತ ಬಾಣಂತಿಗೆ ಗಾಳಿ ಸೋಕಬಾರದೆಂದು ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಕಟ್ಟಿಸುವ ಪೈಕಿ ನಾನು. ಮಗಳು ಕಿಟಕಿ ತೆರೆಯುವುದು, ನಾನು ಹಿಂದೆಯೇ ಹೋಗಿ ಹಾಕುವುದು, ಇದು ನಮ್ಮ ದಿನಚರಿ. “ಅಮ್ಮ, ನೀನು ಹಾಕಿದ್ದು ಮನೆ ಮಾಲೀಕನಿಗೆ ಗೊತ್ತಾದರೆ ಡೆಪಾಸಿಟ್ಟಲ್ಲಿ ಹಿಡಿದುಕೊಳ್ತಾನೆ” ಎಂದು ಅವಳು ಹೆದರಿಸುವುದು. ಈಗಲೂ ನನ್ನ ಮಾತೇ ಸರಿ ಎಂದು ನನ್ನ ಅಭಿಪ್ರಾಯ.

ಬಾಣಂತಿಗೆ ಹಾಲು ಬರಲೆಂದು ಸೂಲಗಿತ್ತಿ ಬರೆದುಕೊಟ್ಟ ಚಹಾ ಡಬ್ಬಿ ತಂದು ತೆರೆದು ನೋಡಿದರೆ ಸೋಂಪು ಮತ್ತು ಅದರ ಅಕ್ಕ ತಂಗಿಯರು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಿಂದ ಅವರೂ ಇದನ್ನೇ ಕುಡಿಯುತ್ತ ಬಂದಿದ್ದಾರೆ. ಅಷ್ಟೇ ಅಲ್ಲ, ಹೆರಿಗೆಯಾದ ಮೇಲೆ ಮೊದಲ ವಾರ ಹಾಸಿಗೆಯ ಒಳಗೆ, ಎರಡನೇ ವಾರ ಹಾಸಿಗೆಯ ಮೇಲೆ, ಮೂರನೇ ವಾರ ಹಾಸಿಗೆಯ ಸುತ್ತಮುತ್ತ ಇರಬೇಕೆಂದು ಆ ಸೂಲಗಿತ್ತಿಯರು ಈಗಲೂ ಹೇಳುತ್ತಾರೆ. ಬಾಣಂತನ ನಮ್ಮ ಸೊತ್ತು, ಬಿಳಿಯರು ಹೆತ್ತ ಮೂರನೇ ದಿನ ಕೆಲಸಕ್ಕೆ ಹೋಗುತ್ತಾರೆ ಎಂದು ನಮ್ಮಲ್ಲಿ ಒಂದು ಮಾತಿದೆಯಲ್ಲ, ಅದು ಶುದ್ಧ ಸುಳ್ಳು. ಕಾನೂನೇ ಬಿಡುವುದಿಲ್ಲ. ಹೆರಿಗೆಗೆ ಮೊದಲು ಆರು ವಾರ, ಆದ ಮೇಲೆ ಎಂಟು ವಾರ ಪೂರ್ತಿ ಸಂಬಳದ ರಜೆ. ಕೊನೆಯ ಎಂಟು ವಾರ ತಾಯಿ ತಾನಾಗಿ ಬರುತ್ತೇನೆಂದರೂ ಕಂಪನಿ ಅವಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಆಮೇಲೆ ಬೇಕಾದರೆ ಮೂರು ವರ್ಷದವರೆಗೆ ತಾಯಿಯೋ ತಂದೆಯೋ ಇಬ್ಬರೂನೋ ರಜೆ ಹಾಕಬಹುದು, ಕೆಲಸ ಹೋಗುವುದಿಲ್ಲ. ಆ ಮೂರು ವರ್ಷದಲ್ಲಿ ಸರ್ಕಾರ ಸಂಬಳದ ಮೂರರಲ್ಲಿ ಎರಡು ಪಾಲಿನಷ್ಟು ಹಣ ಕೊಡುವುದು, ಗಂಡಹೆಂಡಿರು ಹಂಚಿಕೊಂಡರೆ, ಹದಿನಾಲ್ಕು ತಿಂಗಳು. ಅದಕ್ಕೂ ತಿಂಗಳಿಗೆ 1,800 ಯೂರೋ ಮಿತಿ. ಹಾಗೆಂದು ನಮ್ಮ ದೇಶವನ್ನು ಹಳಿಯಬೇಕಿಲ್ಲ. ಸಂಘಟಿತ ವಲಯದ ಹೆಂಗಸಿಗೆ ನಮ್ಮಲ್ಲಿ 2017ರಿಂದ 26 ವಾರದ ರಜೆ ಇದೆ. ಗಾರ್ಮೆಂಟ್ಸ್ ಗೇಟಿನ ಹೊರಗಿರುವ, ಹೊಲದಲ್ಲಿರುವ, ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಎಷ್ಟಿದೆ ಎಂಬುದು ಬೇರೆ ಮಾತು.

ಅಪ್ಪನಾದವನ ಕೆಲಸ ನೋಡುವುದೇ ಒಂದು ಪಾಠ. ಅಳಿಯ ರಜೆ ಹಾಕಿ ಮನೆಯಲ್ಲಿದ್ದರು. ರಾತ್ರಿ ಎದ್ದು ಡೈಪರು ಬದಲಿಸುವುದು, ತೇಗಿಸುವುದು, ಎದೆಗೆ ಉದ್ದನೆಯ ಬಟ್ಟೆ ಕಟ್ಟಿ ಅದರೊಳಗೆ ಮಗುವನ್ನು ಇಟ್ಟುಕೊಂಡು ಕೆಳಗಿನ ಬೀದಿಗೆ ಹೋಗಿ ಬ್ರೆಡ್ಡು ತರುವುದು. ಬೀದಿಯಲ್ಲಿ ಹಾಗೆ ಕೂಸು ಕಟ್ಟಿಕೊಂಡ ಗಂಡಸರು ಎದುರುಬದುರಾದರೆ ಒಬ್ಬರಿಗೊಬ್ಬರು ತಲೆಬಾಗುತ್ತಾರೆ. ನಮ್ಮ ಮನೆಯವರು ಮೊದಮೊದಲು ಮುಖ ತಿರುಗಿಸಿ ಪೇಪರು ಓದುತ್ತಿದ್ದರು, ಅಳಿಯ ಹೆಂಗಸರ ಕೆಲಸ ಮಾಡುವುದನ್ನು ನೋಡಲಾಗದೆ. ನಮ್ಮ ಮಗಳು ಹುಟ್ಟಿದಾಗ ಇವರು ಒಮ್ಮೆಯೂ ಅವಳ ಬಟ್ಟೆ ಬದಲಿಸಿದವರಲ್ಲ. ಮೊಮ್ಮಗಳ ಕಾಲಕ್ಕೆ, ಯಾರೂ ಹೇಳದೆ, ಒಂದು ಮಧ್ಯಾಹ್ನ ಕನ್ನಡಕ ಏರಿಸಿಕೊಂಡು ಡೈಪರಿನ ಅಂಟುಪಟ್ಟಿ ಹುಡುಕುತ್ತ ಕೂತಿದ್ದರು.

ಇನ್ನು ಕಾಗದಪತ್ರ. ಜರ್ಮನಿ ಎಂದರೆ ಕಾರಿನ ದೇಶ ಅನ್ನುತ್ತಾರೆ, ನನಗೆ ಕಂಡದ್ದು ಅಂಚೆಯ ದೇಶ. ಮಗು ಹುಟ್ಟಿದ ಒಂದು ವಾರದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು, ಹೆಸರಿಗೆ ಒಂದು ತಿಂಗಳ ಗಡುವು. ನಾಮಕರಣ ಮುಗಿಯದೆ ಹೆಸರು ಹೇಳುವುದು ಹೇಗೆ? ಹನ್ನೊಂದನೇ ದಿನಕ್ಕೆ ಬಟ್ಟೆ ಬುಟ್ಟಿಯನ್ನೇ ತೊಟ್ಟಿಲು ಮಾಡಿ ಶಾಸ್ತ್ರ ಮುಗಿಸಿದೆವು. ಊರಿನವರೆಲ್ಲ ವಿಡಿಯೋ ಕಾಲಿನಲ್ಲಿ ಕಿವಿಗೊಟ್ಟರು. ಕಚೇರಿಯಲ್ಲಿ ತಕರಾರು ಬಂದದ್ದು ಮನೆತನದ ಹೆಸರಿಗೆ. ನಮ್ಮ ಕಡೆ ಇನಿಷಿಯಲ್ಲಿನಲ್ಲೇ ಜನ್ಮ ಕಳೆಯುತ್ತೇವೆ. ಅಳಿಯನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅವರಪ್ಪನ ಸ್ವಂತ ಹೆಸರು. ಹಾಗಾಗಿ ಹಾಲುಗೂಸು ಹೆಣ್ಣುಮಗು ದಾಖಲೆಯಲ್ಲಿ ನಮ್ಮ ಬೀಗರ ಹೆಸರು ಹೊತ್ತು ನಿಂತಿತು. ಬೀಗರಿಗೆ ಆನಂದವೋ ಆನಂದ. ನಮ್ಮ ಮನೆಯವರು ಎರಡು ದಿನ ಮೌನ. ಕೆಲವೇ ವಾರದಲ್ಲಿ ಮಗುವಿನ ಹೆಸರಿಗೇ ಲಕೋಟೆ ಬಂತು, ಗೌರವಪೂರ್ವಕ ಸಂಬೋಧನೆಯ ಸಮೇತ. ಕೇಂದ್ರ ತೆರಿಗೆ ಕಚೇರಿಯಿಂದ! ಆ ದೇಶದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಸಾಯುವವರೆಗೂ ಅದೇ ಸಂಖ್ಯೆ. ಮಕ್ಕಳ ಭತ್ಯೆಗೆ ಅದು ಬೇಕು. ತಿಂಗಳಿಗೆ 250 ಯೂರೋ ಮೀರಿದ ಆ ಭತ್ಯೆ ಬಡವ ಬಲ್ಲಿದ ಎನ್ನದೆ ಎಲ್ಲರ ಮಗುವಿಗೂ ಸಿಗುತ್ತದೆ. ಜಾತಕ ಬರೆಸುವ ಮೊದಲೇ ತೆರಿಗೆಯವರು ಲೆಕ್ಕ ತೆರೆದರಲ್ಲ ಎಂದು ಇವರು ನಕ್ಕರು, ಮೌನ ಮುಗಿಯಿತು.

ನಿಯಮ ಎಂದರೆ ನಮಗೆ ಪೊಲೀಸು, ಪಾಲಿಕೆ. ಅಲ್ಲಿ ನಿಯಮ ವಾಸಿಸುವುದು ಮೆಟ್ಟಿಲ ಮೇಲೆ, ಅಕ್ಕಪಕ್ಕದ ಮನೆಯಲ್ಲಿ. ಆ ಸೀಮೆಗೆ ಶ್ವಾಬಿಯಾ ಎಂದು ಹೆಸರು. ಜಿಪುಣತನಕ್ಕೂ ಗುಡಿಸುವುದಕ್ಕೂ ಜರ್ಮನಿಯಲ್ಲೇ ಹೆಸರುವಾಸಿ. ಒಂದು ಕಟ್ಟಡದ ಮನೆಗಳವರು ಸರದಿಯಂತೆ ವಾರಕ್ಕೊಬ್ಬರು ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು. 15ನೇ ಶತಮಾನದ ಕೊನೆಯಿಂದ ನಡೆದುಬಂದ ಪದ್ಧತಿ ಎನ್ನುತ್ತಾರೆ. ಷ್ಟುಟ್‌ಗಾರ್ಟ್ ನಗರಾಡಳಿತ 1988ರಲ್ಲಿ ಅದನ್ನು ತನ್ನ ಕಾನೂನಿನಿಂದ ತೆಗೆದರೂ ಮನೆ ಮಾಲೀಕರು ಬಾಡಿಗೆ ಕರಾರಿನಲ್ಲಿ ಉಳಿಸಿಕೊಂಡರು. ನಿಮ್ಮ ಸರದಿ ಬಂದಾಗ ಬಾಗಿಲ ಹಿಡಿಗೆ ಒಂದು ಹಲಗೆ ತೂಗುತ್ತದೆ. ಹಿಂದಿನ ವಾರದವರು ತಂದು ನೇತುಹಾಕಿ ಹೋಗಿರುತ್ತಾರೆ. ಬಾಣಂತಿ ಮನೆ ಎಂದು ರಿಯಾಯಿತಿ ಇಲ್ಲ. ನಾನೇ ಪೊರಕೆ ಹಿಡಿದು ಇಳಿದೆ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ಗುಡಿಸಿ ರಂಗೋಲಿ ಹಾಕಿ ಬದುಕಿದವಳಿಗೆ ಅದೇನು ಮಹಾ ಕೆಲಸ? ಕೆಳಮನೆಯ ಎಂಬತ್ತರ ಅಜ್ಜಿ ಬಾಗಿಲ ಸಂದಿಯಿಂದ ನೋಡಿ, ಹೊರಗೆ ಬಂದು, ನಾನು ಬಿಟ್ಟ ಒಂದು ಮೂಲೆಯನ್ನು ಬೆರಳಿನಿಂದ ತೋರಿಸಿತು. ಮಾರನೇ ದಿನ ಅದೇ ಅಜ್ಜಿ ಮಗುವಿಗೆ ತಾನೇ ಹೆಣೆದ ಉಣ್ಣೆಯ ಕಾಲುಚೀಲ ತಂದುಕೊಟ್ಟಿತು.

ಭಾನುವಾರ ಆ ದೇಶದಲ್ಲಿ ಅಂಗಡಿ ಮುಚ್ಚುತ್ತದೆ, ಅದು ಸಂವಿಧಾನದಲ್ಲೇ ಬರೆದಿರುವ ವಿಶ್ರಾಂತಿಯ ದಿನ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವಂತಿಲ್ಲ, ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಎಸೆಯುವಂತಿಲ್ಲ. ದೋಸೆ ಹಿಟ್ಟನ್ನು ಶನಿವಾರ ಸಂಜೆಯೊಳಗೆ ರುಬ್ಬಿ ಮುಗಿಸುತ್ತಿದ್ದೆವು. ಹಾಗಾದರೆ ನಟ್ಟಿರುಳು ಕಿರುಚುವ ಕೂಸು? ಅಳಿಯ ಹೇಳಿದರು, ಮಗುವಿನ ಅಳುವನ್ನು ನೆರೆಯವರು ಸಹಿಸಿಕೊಳ್ಳಲೇಬೇಕು ಎಂದು. ಶಿಶುವಿಹಾರ, ಆಟದ ಮೈದಾನಗಳಿಂದ ಬರುವ ಮಕ್ಕಳ ಗಲಾಟೆಯನ್ನು ಸಾಮಾನ್ಯವಾಗಿ ಶಬ್ದಮಾಲಿನ್ಯವೆಂದು ಎಣಿಸಬಾರದೆಂದು 2011ರಲ್ಲಿ ಕಾನೂನನ್ನೇ ತಿದ್ದಿದ್ದಾರೆ. ಮಕ್ಕಳ ಸದ್ದಿಗೂ ಕಾಯಿದೆಯ ರಕ್ಷಣೆ ಬೇಕಾಯಿತಲ್ಲ ಎಂದು ಆಶ್ಚರ್ಯಪಡುವುದೋ, ರಕ್ಷಣೆ ಕೊಟ್ಟರಲ್ಲ ಎಂದು ಸಂತೋಷಪಡುವುದೋ ನನಗೆ ತಿಳಿಯಲಿಲ್ಲ.

ಖಾಲಿ ಬಾಟಲಿ ಯಂತ್ರಕ್ಕೆ ಹಾಕಿದರೆ 25 ಸೆಂಟು ವಾಪಸ್ ಬರುವುದು, ಗೇಟೇ ಇಲ್ಲದ ರೈಲ್ವೆ ಸ್ಟೇಷನ್ನು, ಟಿಕೇಟಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಇವನ್ನೆಲ್ಲ ಹೋಗಿಬಂದವರೆಲ್ಲ ಬರೆದಿದ್ದಾರೆ. ತಳ್ಳುಗಾಡಿಯ ಅನುಭವ ಬೇರೆ. ಬಸ್ಸು ನಿಲ್ದಾಣಕ್ಕೆ ಬಂದರೆ ಉಸ್ಸೆಂದು ಒಂದು ಕಡೆಗೆ ಬಾಗುತ್ತದೆ, ನಡುಬಾಗಿಲಲ್ಲಿ ಗಾಡಿ ಸಲೀಸಾಗಿ ಒಳಗೆ. ಮೆಟ್ಟಿಲು ಎದುರಾದರೆ ಯಾರೋ ಅಪರಿಚಿತರು ಕೇಳದೆಯೇ ಗಾಡಿಯ ಮುಂದಿನ ಚಕ್ರ ಎತ್ತಿ, ಮೇಲೆ ತಲುಪಿಸಿ, ತಿರುಗಿಯೂ ನೋಡದೆ ಹೋಗುತ್ತಾರೆ. ನಗು ಇಲ್ಲ, ಮಾತಿಲ್ಲ. ಮುಖ ಗಂಟಿಕ್ಕಿದ ಜನ ಎಂದು ಅವರ ಬಗ್ಗೆ ಹೇಳುವವರು ಕೈಯನ್ನು ನೋಡಿರುವುದಿಲ್ಲ. ಇನ್ನೊಂದು ದಿನ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಮಗಳನ್ನು ತಡೆದು ನಿಲ್ಲಿಸಿ ಬೈಯತೊಡಗಿದರು. ಮಗುವಿನ ಟೋಪಿ ಜಾರಿ ಕಿವಿ ಕಾಣುತ್ತಿತ್ತು. ಮಗಳಿಗೆ ಸಿಟ್ಟು, ನನಗೆ ಸಂತೋಷ. ಆ ದೇಶದಲ್ಲೂ ನನ್ನ ಪಕ್ಷದವರು ಇದ್ದಾರೆ!

ಎಸ್‌ಲಿಂಗೆನ್ ಎಂಬ ಹೆಸರು ಕನ್ನಡಿಗರಿಗೆ ಪೂರ್ತಿ ಹೊಸತಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ಕಣ್ಣುಮುಚ್ಚಿದ್ದು ಇದೇ ಊರಿನಲ್ಲಿ. ಇಲ್ಲಿಂದ ರೈಲಿನಲ್ಲಿ ಹೋಗಬಹುದಾದ ಟ್ಯೂಬಿಂಗೆನ್‌ನಲ್ಲಿ 1903ರಲ್ಲಿ ತೀರಿಕೊಂಡವರು ಫರ್ಡಿನೆಂಡ್ ಕಿಟೆಲ್. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಇಷ್ಟನ್ನು ನಾನು ಮಕ್ಕಳಿಗೆ ಪಾಠ ಹೇಳಿದ್ದೆ. ಪಾಠದಲ್ಲಿ ಇಲ್ಲದ್ದು ಆ ಮಿಷನರಿಗಳ ಹೆಂಡಿರು. ಅವರು ತವರಿನಿಂದ ಸಾವಿರಾರು ಮೈಲಿ ದೂರ ನಮ್ಮ ಕರಾವಳಿಯ ಸೆಕೆಯಲ್ಲಿ ಹೆತ್ತರು. ಹಡಗಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ, ಬಾಣಂತನಕ್ಕೆ ಯಾವ ತಾಯಿ ಬಂದಾಳು? ಬದುಕಿದ ಮಕ್ಕಳನ್ನು ಚಿಕ್ಕ ವಯಸ್ಸಿಗೇ ಓದಿಗೆಂದು ಯೂರೋಪಿಗೆ ಕಳಿಸಿಬಿಡುವ ಪದ್ಧತಿ ಬೇರೆ. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅವಳ ಮಗ ಹರ್ಮನ್ ಹೆಸ್ಸೆ, ‘ಸಿದ್ಧಾರ್ಥ’ ಬರೆದವನು. ಹೆಸ್ಸೆಯ ಅಪ್ಪ ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು ಹಿಂತಿರುಗಿದವರು. ಈಗ ದಾರಿ ತಿರುಗಿದೆ. ಬಾಷ್ ಕಂಪನಿಯ ಕೇಂದ್ರ ಕಚೇರಿ, ಬೆಂಜ್ ಕಾರಿನ ಕಾರ್ಖಾನೆ ಇರುವ ಈ ಸೀಮೆಗೆ ನಮ್ಮ ಇಂಜಿನಿಯರುಗಳು ಬರುತ್ತಾರೆ, ಇಲ್ಲೇ ಹೆರುತ್ತಾರೆ, ಅಮ್ಮಂದಿರು ವಿಮಾನದಲ್ಲಿ ಒಂದು ರಾತ್ರಿ ಕಳೆಯುವುದರೊಳಗೆ ಬಂದಿಳಿಯುತ್ತಾರೆ. ವೀಸಾ ಕೊಡುವ 90 ದಿನದಲ್ಲಿ ಬಾಣಂತನ ಸರಿಯಾಗಿ ಮುಗಿಯುತ್ತದೆ.

ಕೆಳಮನೆಯ ಅಜ್ಜಿಗೆ ನನ್ನನ್ನು ಕಂಡರೆ ಒಂದೇ ಪ್ರಶ್ನೆ. ಮೂರು ತಿಂಗಳು ಮಗಳ ಮನೆಯಲ್ಲಿ ಇರುತ್ತೀಯಾ, ಜಗಳ ಆಗುವುದಿಲ್ಲವೇ? ಆಗುತ್ತದೆ ಎಂದೆ. ಮಗಳು ಅದನ್ನು ಭಾಷಾಂತರಿಸುವಾಗ ಸ್ವಲ್ಪ ಹೆಚ್ಚೇ ಉತ್ಸಾಹ ತೋರಿಸಿದಳು. ಅಜ್ಜಿಯ ಮೊಮ್ಮಕ್ಕಳು ಹ್ಯಾಂಬುರ್ಗ್‌ನಲ್ಲಿ, ಕ್ರಿಸ್‌ಮಸ್ಸಿಗೆ ಬರುತ್ತಾರೆ. ಎದುರು ಕಟ್ಟಡದಲ್ಲಿ ಮಗಳ ಜೊತೆಯಲ್ಲೇ ಹೆತ್ತ ಒಬ್ಬ ಜರ್ಮನ್ ಹುಡುಗಿ ಇದ್ದಳು. ಅವಳಿಗೂ ರಜೆ ಇದೆ, ಭತ್ಯೆ ಇದೆ, ಸೂಲಗಿತ್ತಿ ಇದ್ದಾರೆ, ಗಂಡ ಒಳ್ಳೆಯವನು. ಗಂಡನ ರಜೆ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಗಾಡಿ ತಳ್ಳಿಕೊಂಡು ಒಬ್ಬಳೇ ನೆಕರ್ ದಂಡೆಯಲ್ಲಿ ಸುತ್ತುವಳು. ಮಗುವನ್ನು ಅರ್ಧ ಗಂಟೆ ಎತ್ತಿಕೊಂಡು, “ನೀನು ಮಲಗು ಹೋಗು” ಎನ್ನುವ ಇನ್ನೊಂದು ಜೀವ ಅವಳ ಮನೆಯಲ್ಲಿ ಇರಲಿಲ್ಲ. ಒಂದೆರಡು ಸಲ ನಮ್ಮ ಮನೆಗೆ ಬಂದಳು. ನಾನು ಅವಳ ಮಗುವಿಗೂ ಎಣ್ಣೆ ತಿಕ್ಕಿದೆ, ಅವಳು ಸೋಫಾದ ಮೇಲೆ ಕೂತಲ್ಲೇ ನಿದ್ದೆ ಹೋದಳು.

ಅಲ್ಲಿ ಸರ್ಕಾರ ಬಾಣಂತನದ ಅರ್ಧ ಹೊಣೆ ಹೊತ್ತಿದೆ, ಇನ್ನರ್ಧಕ್ಕೆ ಕೈಗಳಿಲ್ಲ. ನಮ್ಮಲ್ಲಿ ಕೈಗಳಿವೆ ಎಂಬ ಧೈರ್ಯದ ಮೇಲೆ ಹೊಣೆಯನ್ನೆಲ್ಲ ಅಮ್ಮಂದಿರ ತಲೆಗೆ ಕಟ್ಟಿ ಕೂತಿದ್ದೇವೆ. ಅಮ್ಮ ಇಲ್ಲದವಳ, ಅಮ್ಮ ಕೂಲಿಗೆ ಹೋಗುವವಳ ಪಾಡು ಯಾರಿಗೂ ಬೇಡ.

ಹಾಗೆಂದು ಮನೆಗೆ ಬಂದು ಬಾಣಂತಿಯನ್ನು ನೋಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಇದೆ, 2011ರಿಂದಲೇ ಇದೆ. ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದ ತಾಯಿ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೇ ಬಂದು ನೋಡಬೇಕು. ಮಗುವನ್ನು ತೂಗಬೇಕು, ಜ್ವರ ನೋಡಬೇಕು, ಹೊಕ್ಕಳು ನೋಡಬೇಕು, ತಾಯಿಯನ್ನು ವಿಚಾರಿಸಬೇಕು. ನೆಕರ್ ದಂಡೆಯ ಸೂಲಗಿತ್ತಿ ಮಾಡುವ ಕೆಲಸದ ಬಹುಪಾಲು ಇದೇ. ಈ ಎಲ್ಲ ಭೇಟಿಗಳನ್ನೂ ಮುಗಿಸಿದ್ದಕ್ಕೆ ಕೇಂದ್ರ ನಿಗದಿ ಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗಲ್ಲ, ಎಲ್ಲಕ್ಕೂ ಸೇರಿ. ತಿಂಗಳಿಗೆ ಇಂತಿಷ್ಟೆಂದು ಖಾತ್ರಿ ಗೌರವಧನ ಕೊಡಿ ಎಂದು 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತಿದ್ದರು.

ಊರಿಗೆ ಬಂದ ಮೇಲೆ ನಮ್ಮ ಬೀದಿಯ ಆಶಾಳನ್ನು ಕರೆದು ಮಾತಾಡಿಸಿದೆ. ಹಳ್ಳಿಗಳಲ್ಲಿ ಬಾ ಎಂದು ಕೂರಿಸಿ ನೀರು ಕೊಡುತ್ತಾರಂತೆ. ದೊಡ್ಡ ಮನೆಯವರು, “ನಮಗೆ ಡಾಕ್ಟರಿದ್ದಾರೆ” ಎಂದು ಗೇಟಿನಲ್ಲೇ ಕಳಿಸುತ್ತಾರಂತೆ. ಸೈಕಲ್ ಹೆಲ್ಮೆಟ್ಟಿನ ಬಿಳಿ ಸೂಲಗಿತ್ತಿಗೆ ಅಳಿಯ ಕಾಫಿ ಮಾಡಿಕೊಟ್ಟು ಕೂರಿಸಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದು, ಆಶಾ ಕಾರ್ಯಕರ್ತೆ ತಕ್ಕಡಿ ಹಿಡಿದು ಬಂದರೆ, ದಯವಿಟ್ಟು ಒಳಗೆ ಕರೆಯಿರಿ. ಅಪಾರ್ಟ್‌ಮೆಂಟಿನವರಾದರೆ ಸೆಕ್ಯುರಿಟಿಯವನಿಗೂ ಹೇಳಿಡಿ.